ನವೀಕರಣ ಅರ್ಧಕ್ಕೆ ನಿಂತು ಬ್ರೌಸರ್ ತೆರೆಯದಿದ್ದರೆ: ಏನು ಮಾಡಬೇಕು, ಏನು ಮಾಡಬಾರದು

ಗೋಕಾಕ/ಮೂಡಲಗಿ/ಹುಕ್ಕೇರಿ: ಅಂತರಜಾಲಕ್ಕೆ ಬಾಗಿಲಾಗಿರುವ ತಂತ್ರಾಂಶವೇ ಬ್ರೌಸರ್. ಅದು ತೆರೆಯದಿದ್ದರೆ ಗಣಕಯಂತ್ರ ಇದ್ದೂ ಇಲ್ಲದಂತೆ. ಹೊಲದ ಉತಾರ ತೆಗೆಸಲು ಬಂದ ರೈತ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದ ವಿದ್ಯಾರ್ಥಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ಸರತಿಯಲ್ಲಿ ನಿಂತ ಗೃಹಿಣಿ, ಎಲ್ಲರ ಕೆಲಸವೂ ಇಂದು ಈ ಒಂದು ತಂತ್ರಾಂಶದ ಮೂಲಕವೇ ಸಾಗಬೇಕು. ಅರ್ಜಿಯ ಕೊನೆಯ ದಿನದಂದು ಬ್ರೌಸರ್ ಕೈಕೊಟ್ಟರೆ ಹಳ್ಳಿಯಿಂದ ಬಂದವರಿಗೆ ಒಂದು ದಿನದ ಕೂಲಿ ನಷ್ಟ. ಕೆಲವೊಮ್ಮೆ ಒಂದು ವರ್ಷದ ಸೌಲಭ್ಯವೇ ನಷ್ಟ.

ಇಂತಹ ಕೈಕೊಡುವಿಕೆಗೆ ಬಹುಸಾಮಾನ್ಯವಾದ ಒಂದು ಕಾರಣವೆಂದರೆ ಅಪೂರ್ಣಗೊಂಡ ನವೀಕರಣ, ಅಂದರೆ ಅಪ್‌ಡೇಟ್. ಹಿಂದಿನ ದಿನದವರೆಗೆ ಚೆನ್ನಾಗಿದ್ದ ಬ್ರೌಸರ್ ಮರುದಿನ ಬೆಳಿಗ್ಗೆ ಚಿಹ್ನೆಯ ಮೇಲೆ ಒತ್ತಿದರೂ ತೆರೆಯುವುದಿಲ್ಲ. ತೆರೆದರೂ ಬಿಳಿಯ ಪರದೆಯನ್ನಷ್ಟೇ ತೋರಿಸುತ್ತದೆ. ಇಲ್ಲವೇ ಪ್ರತಿ ಪುಟಕ್ಕೂ ದೋಷಸಂದೇಶ ನೀಡುತ್ತದೆ. ಇದನ್ನು ಸರಿಪಡಿಸುವುದು ಬಹುಮಟ್ಟಿಗೆ ಬಳಕೆದಾರರ ಕೈಯಲ್ಲೇ ಇದೆ. ಆದರೆ ಕ್ರಮ ತಪ್ಪಿದರೆ ಉಳಿಸಿಟ್ಟ ಗುಪ್ತಪದ, ಪುಟಗುರುತುಗಳೆಲ್ಲ ಅಳಿದುಹೋಗುವ ಅಪಾಯವೂ ಉಂಟು.

ಈ ಭಾಗದಲ್ಲಿ ತೊಂದರೆ ಹೆಚ್ಚೇಕೆ?

ಕ್ರೋಮ್ ಬ್ರೌಸರ್ 2021ರ ಸೆಪ್ಟೆಂಬರ್‌ನಿಂದ ಆರು ವಾರಗಳ ಬದಲು ನಾಲ್ಕು ವಾರಗಳಿಗೊಮ್ಮೆ ಹೊಸ ಆವೃತ್ತಿ ಬಿಡತೊಡಗಿತು. 2023ರ ಆಗಸ್ಟ್‌ನಿಂದ ಭದ್ರತಾ ತಿದ್ದುಪಡಿಗಳು ವಾರಕ್ಕೊಮ್ಮೆ ಬರಲಾರಂಭಿಸಿದವು. ಬಳಕೆದಾರರಿಗೆ ತಿಳಿಯದಂತೆಯೇ ಹಿನ್ನೆಲೆಯಲ್ಲಿ ನಡೆಯುವ ಈ ಕೆಲಸಕ್ಕೆ ಎರಡು ಸಂಗತಿಗಳು ಬೇಕು: ನಿಲ್ಲದ ವಿದ್ಯುತ್ತು ಮತ್ತು ನಿಲ್ಲದ ಸಂಪರ್ಕ.

ಗೋಕಾಕ ಮತ್ತು ಮೂಡಲಗಿ ತಾಲೂಕುಗಳು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಯಲ್ಲಿವೆ. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ ವಿತರಿಸುತ್ತದೆ. ವಿದ್ಯುತ್ತು ಯಾರಿಂದ ಬಂದರೂ ಮಳೆಗಾಲದ ಗಾಳಿ, ದುರಸ್ತಿಯ ವ್ಯತ್ಯಯ ತಪ್ಪಿದ್ದಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಉಕ್ಕಿ ಗೋಕಾಕ ಪಟ್ಟಣಕ್ಕೆ ನೀರು ನುಗ್ಗಿದಂತಹ ಸಂದರ್ಭಗಳಲ್ಲಂತೂ ವಿದ್ಯುತ್ತು, ದೂರವಾಣಿ ಸಂಪರ್ಕಗಳ ಮಾತೇ ಬೇರೆ. ಯುಪಿಎಸ್ ಇಲ್ಲದ ಮೇಜಿನ ಗಣಕವು ನವೀಕರಣದ ನಡುವೆ ಆರಿಹೋದರೆ ಹಳೆಯ ಕಡತಗಳು ಅರ್ಧ, ಹೊಸ ಕಡತಗಳು ಅರ್ಧ ಉಳಿದುಬಿಡಬಹುದು. ಮೊಬೈಲ್ ಹಾಟ್‌ಸ್ಪಾಟ್‌ನಿಂದ ನಡೆಯುವ ಅಂಗಡಿಗಳಲ್ಲಿ ದಿನದ ಡೇಟಾ ಮಿತಿ ಮುಗಿದು ಇಳಿಕೆ ನಡುವೆಯೇ ನಿಲ್ಲುವುದೂ ಉಂಟು.

ಒಳಗೆ ನಡೆಯುವುದೇನು?

ವಿಂಡೋಸ್ ಗಣಕದಲ್ಲಿ ಕ್ರೋಮ್ ತನ್ನ ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲಿಯೇ, ಆವೃತ್ತಿಯ ಸಂಖ್ಯೆಯ ಹೆಸರುಳ್ಳ ಪ್ರತ್ಯೇಕ ಕಡತಕೋಶದಲ್ಲಿ ಇರಿಸುತ್ತದೆ. ಬ್ರೌಸರ್ ಆಗ ತೆರೆದಿದ್ದರೆ ಹೊಸ ಮುಖ್ಯ ಕಡತವು 'ನ್ಯೂ ಕ್ರೋಮ್' ಎಂಬ ಹೆಸರಿನಲ್ಲಿ ಕಾಯುತ್ತದೆ. ಮುಂದಿನ ಬಾರಿ ಬ್ರೌಸರ್ ಆರಂಭವಾದಾಗ ಹೆಸರು ಬದಲಾಗಿ ಹೊಸದು ಹಳೆಯದರ ಸ್ಥಾನಕ್ಕೆ ಬರುತ್ತದೆ. ಈ ಅದಲುಬದಲಿನ ವೇಳೆ ಅಡ್ಡಿಯಾದರೆ ಮುಖ್ಯ ಕಡತ ಒಂದು ಆವೃತ್ತಿಯದು, ಅದರ ಜೊತೆಗಾರ ಕಡತಗಳು ಇನ್ನೊಂದು ಆವೃತ್ತಿಯವು ಎಂಬಂತಾಗುತ್ತದೆ. ಆಗ ಬ್ರೌಸರ್ ಏಳುವುದಿಲ್ಲ.

ಗಮನಿಸಬೇಕಾದ ಮುಖ್ಯ ಅಂಶವೆಂದರೆ, ತಂತ್ರಾಂಶದ ಕಡತಗಳು ಒಂದೆಡೆ, ಬಳಕೆದಾರರ ಮಾಹಿತಿ ಇನ್ನೊಂದೆಡೆ ಇರುತ್ತವೆ. ಪುಟಗುರುತು, ಗುಪ್ತಪದ, ಭೇಟಿಯ ಇತಿಹಾಸ ಇವೆಲ್ಲ 'ಪ್ರೊಫೈಲ್' ಎಂಬ ಬೇರೆ ಕಡತಕೋಶದಲ್ಲಿ ಸುರಕ್ಷಿತವಾಗಿರುತ್ತವೆ. ಮನೆಯ ಬಾಗಿಲು ಮುರಿದರೆ ಒಳಗಿನ ಸಾಮಾನು ಹಾಳಾಗಬೇಕೆಂದೇನಿಲ್ಲ. ಆದ್ದರಿಂದ ಬ್ರೌಸರ್ ತೆರೆಯದಿದ್ದಾಗ ಗಾಬರಿಯಿಂದ ಎಲ್ಲವನ್ನೂ ಅಳಿಸಿಹಾಕುವುದು ಸಲ್ಲದು.

ಮೊದಲು ರೋಗ ಯಾವುದೆಂದು ತಿಳಿಯಿರಿ

ತೊಂದರೆ ಬ್ರೌಸರ್‌ನದೋ, ಸಂಪರ್ಕದ್ದೋ, ಜಾಲತಾಣದ್ದೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. 2023ರ ಜೂನ್‌ನಲ್ಲಿ ಗೃಹಜ್ಯೋತಿ ಯೋಜನೆಯ ನೋಂದಣಿ ಆರಂಭವಾದಾಗ ಒಮ್ಮೆಲೇ ಬಿದ್ದ ಒತ್ತಡದಿಂದ ಸೇವಾಸಿಂಧು ತಾಣ ನಿಧಾನಗೊಂಡಿತ್ತು. ಅಂತಹ ವೇಳೆಯಲ್ಲಿ ಬ್ರೌಸರ್ ಅನ್ನು ಎಷ್ಟು ಬಾರಿ ಮರುಸ್ಥಾಪಿಸಿದರೂ ಪ್ರಯೋಜನವಿಲ್ಲ.

ಪರೀಕ್ಷೆ ಸರಳವಾದದ್ದು. ಒಂದೇ ತಾಣ ತೆರೆಯದೆ ಉಳಿದವು ತೆರೆದರೆ ದೋಷ ಬಹುಮಟ್ಟಿಗೆ ಆ ತಾಣದ್ದು. ಗಣಕದಲ್ಲಿರುವ ಇನ್ನೊಂದು ಬ್ರೌಸರ್‌ನಲ್ಲಿಯೂ ಯಾವ ತಾಣವೂ ತೆರೆಯದಿದ್ದರೆ ದೋಷ ಸಂಪರ್ಕದ್ದು. ಇನ್ನೊಂದು ಬ್ರೌಸರ್‌ನಲ್ಲಿ ಎಲ್ಲವೂ ತೆರೆದು ಇದೊಂದರಲ್ಲಿ ಮಾತ್ರ ತೆರೆಯದಿದ್ದರೆ ದೋಷ ಬ್ರೌಸರ್‌ನದೇ.

ಬ್ರೌಸರ್ ತೆರೆಯುತ್ತದೆ, ಆದರೆ ಪ್ರತಿ ತಾಣಕ್ಕೂ 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಎಂಬ ಎಚ್ಚರಿಕೆ ಬರುತ್ತದೆ ಎಂದಾದರೆ ಪರದೆಯ ಮೂಲೆಯಲ್ಲಿರುವ ದಿನಾಂಕ ನೋಡಿರಿ. ಹಳೆಯ ಗಣಕಗಳ ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಸತ್ತರೆ, ಕರೆಂಟು ಹೋಗಿಬಂದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುವುದರಿಂದ ತಪ್ಪು ದಿನಾಂಕದ ಗಣಕಕ್ಕೆ ಯಾವ ತಾಣವೂ ನಂಬಿಕೆಗೆ ಅರ್ಹವಾಗಿ ಕಾಣುವುದಿಲ್ಲ. ದಿನಾಂಕ ಸರಿಪಡಿಸಿ, ಸಿಆರ್ 2032 ಎಂಬ ಆ ಬ್ಯಾಟರಿಯನ್ನು ಬದಲಿಸಿದರೆ ಕೆಲಸ ಮುಗಿಯಿತು.

ದಿನಾಂಕ ಸರಿಯಿದ್ದೂ ಎಚ್ಚರಿಕೆ ಬರುತ್ತಿದ್ದರೆ ಬ್ರೌಸರ್ ತೀರ ಹಳೆಯದಾಗಿರಬಹುದು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳು ಆಧರಿಸಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದು ಜಗತ್ತಿನಾದ್ಯಂತ ಹಳೆಯ ಉಪಕರಣಗಳಲ್ಲಿ ಅನೇಕ ತಾಣಗಳು ತೆರೆಯದಾದವು. 2025ರ ಮಾರ್ಚ್ 14ರಂದು ಫೈರ್‌ಫಾಕ್ಸ್‌ನ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ 128ಕ್ಕಿಂತ ಹಳೆಯ ಸಾಮಾನ್ಯ ಆವೃತ್ತಿಗಳಲ್ಲಿ ಆಡ್‌ಆನ್‌ಗಳು ನಿಷ್ಕ್ರಿಯವಾಗುವ ಸ್ಥಿತಿ ಬಂದಿತು. ನವೀಕರಣ ಕೆಟ್ಟರೆ ತೊಂದರೆ ನಿಜ. ನವೀಕರಣವನ್ನೇ ನಿಲ್ಲಿಸಿದರೂ ತೊಂದರೆ ತಪ್ಪುವುದಿಲ್ಲ.

ಸರಳ ಪರಿಹಾರಗಳು

1. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಕಣ್ಣಿಗೆ ಕಾಣದೆ ಚಾಲನೆಯಲ್ಲಿರುವ ಬ್ರೌಸರ್‌ನ ಎಲ್ಲ ಪ್ರಕ್ರಿಯೆಗಳನ್ನು ಮುಗಿಸಿ ಮತ್ತೆ ತೆರೆದು ನೋಡಿರಿ. ಅರೆಜೀವವಾಗಿ ಉಳಿದ ಹಳೆಯ ಪ್ರಕ್ರಿಯೆಯೇ ಹೊಸದನ್ನು ತಡೆದಿರುವ ಸಂದರ್ಭಗಳು ಬಹಳ.

2. ಗಣಕವನ್ನು 'ರೀಸ್ಟಾರ್ಟ್' ಮಾಡಿರಿ. ವಿಂಡೋಸ್ 10 ಮತ್ತು 11ರಲ್ಲಿ 'ಶಟ್‌ಡೌನ್' ಮಾಡಿ ಹಚ್ಚುವುದು ಇದಕ್ಕೆ ಸಮವಲ್ಲ. ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಚಾಲನೆಯಲ್ಲಿದ್ದರೆ ವಿಂಡೋಸ್‌ನ ತಿರುಳಿನ ಸ್ಥಿತಿಯನ್ನು ಉಳಿಸಿಕೊಂಡೇ ಗಣಕ ಮುಚ್ಚುತ್ತದೆ.

3. ಸಿ ಡ್ರೈವ್‌ನಲ್ಲಿ ಜಾಗ ಇದೆಯೇ ನೋಡಿರಿ. ಹೊಸ ಆವೃತ್ತಿ ಹಳೆಯದರ ಪಕ್ಕದಲ್ಲಿ ಇಳಿಯುವುದರಿಂದ ಸ್ವಲ್ಪ ಕಾಲ ಎರಡಕ್ಕೂ ಸಾಲುವಷ್ಟು ಜಾಗ ಬೇಕು. ಸ್ಕ್ಯಾನ್ ಮಾಡಿದ ದಾಖಲೆಗಳಿಂದ ಡಿಸ್ಕ್ ತುಂಬಿಹೋಗಿರುವ ಸೇವಾ ಕೇಂದ್ರಗಳಲ್ಲಿ ಇದನ್ನು ಮರೆಯಬಾರದು.

4. ಬ್ರೌಸರ್ ತೆರೆಯುತ್ತಿದ್ದು ಪುಟಗಳು ಮಾತ್ರ ಬಿಳಿಚಿಕೊಂಡರೆ ಆಡ್‌ಆನ್‌ಗಳನ್ನು ಶಂಕಿಸಬೇಕು. ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಆಡ್‌ಆನ್‌ಗಳು ಸಾಮಾನ್ಯವಾಗಿ ಸ್ತಬ್ಧವಾಗಿರುತ್ತವೆ. ಶಿಫ್ಟ್ ಕೀಲಿ ಒತ್ತಿಹಿಡಿದು ಫೈರ್‌ಫಾಕ್ಸ್ ತೆರೆದರೆ ದೋಷಪರಿಹಾರ ವಿಧಾನ ಬರುತ್ತದೆ. ಅಲ್ಲಿ ಸರಿಯಿದ್ದರೆ ಆಡ್‌ಆನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿರಿ.

5. ವೈರಸ್ ನಿರೋಧಕ ತಂತ್ರಾಂಶವೂ ಅಡ್ಡಿಯಾಗಬಹುದು. 2019ರ ಅಕ್ಟೋಬರ್‌ನಲ್ಲಿ ಬಂದ ಕ್ರೋಮ್ 78ರ ಹೊಸ ಭದ್ರತಾ ವ್ಯವಸ್ಥೆಯು ಸಿಮ್ಯಾಂಟೆಕ್ ಎಂಡ್‌ಪಾಯಿಂಟ್ ಪ್ರೊಟೆಕ್ಷನ್‌ನ ಹಳೆಯ ಆವೃತ್ತಿಗಳೊಂದಿಗೆ ಹೊಂದದೆ ಅನೇಕ ಕಚೇರಿಗಳಲ್ಲಿ ಪ್ರತಿ ಪುಟವೂ ಕುಸಿದಿತ್ತು. ವೈರಸ್ ನಿರೋಧಕವನ್ನು ನವೀಕರಿಸುವುದೇ ಇದಕ್ಕೆ ಮದ್ದು. ಅದನ್ನು ಕಾಯಂ ಆಗಿ ಸ್ಥಗಿತಗೊಳಿಸುವುದು ಮದ್ದಲ್ಲ.

ಮರುಸ್ಥಾಪನೆಗೆ ಮುನ್ನ ನಕಲು

ಇಷ್ಟಕ್ಕೂ ಬಗ್ಗದಿದ್ದರೆ ಮರುಸ್ಥಾಪನೆಯೇ ದಾರಿ. ಅದಕ್ಕೆ ಮುನ್ನ ಪ್ರೊಫೈಲ್‌ನ ನಕಲು ತೆಗೆದಿಡುವುದು ಕಡ್ಡಾಯವೆಂದೇ ತಿಳಿಯಬೇಕು. ಕ್ರೋಮ್‌ನ ಪ್ರೊಫೈಲ್, ಬಳಕೆದಾರರ ಹೆಸರಿನ ಕಡತಕೋಶದೊಳಗೆ ಆಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್ ಎಂಬ ದಾರಿಯಲ್ಲಿ 'ಯೂಸರ್ ಡೇಟಾ' ಹೆಸರಿನಲ್ಲಿ ಇರುತ್ತದೆ. ಫೈರ್‌ಫಾಕ್ಸ್‌ನದು ಆಪ್‌ಡೇಟಾ, ರೋಮಿಂಗ್, ಮೊಜಿಲ್ಲಾ, ಫೈರ್‌ಫಾಕ್ಸ್ ದಾರಿಯಲ್ಲಿ 'ಪ್ರೊಫೈಲ್ಸ್' ಹೆಸರಿನಲ್ಲಿ ಇರುತ್ತದೆ. ಆಪ್‌ಡೇಟಾ ಮರೆಮಾಡಿದ ಕಡತಕೋಶವಾದ್ದರಿಂದ ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಪಟ್ಟಿಯಲ್ಲಿ ಮರೆಯಾದವುಗಳನ್ನು ತೋರಿಸುವ ಆಯ್ಕೆಯನ್ನು ಗುರುತು ಮಾಡಬೇಕು.

ಕ್ರೋಮ್‌ನ ಗುಪ್ತಪದಗಳು ಆಯಾ ಗಣಕದ ವಿಂಡೋಸ್ ಖಾತೆಗೆ ಕಟ್ಟುಬಿದ್ದ ಗೂಢಲಿಪಿಯಲ್ಲಿ ಇರುತ್ತವೆ. ನಕಲನ್ನು ಬೇರೊಂದು ಗಣಕಕ್ಕೆ ಒಯ್ದರೆ ಪುಟಗುರುತುಗಳು ಸಿಗುತ್ತವೆ, ಗುಪ್ತಪದಗಳು ಸಿಗುವುದಿಲ್ಲ. ಆದಕಾರಣ ವಿಂಡೋಸ್ ಅನ್ನೇ ಫಾರ್ಮ್ಯಾಟ್ ಮಾಡಲು ಒಪ್ಪುವ ಮುನ್ನ ಎರಡು ಬಾರಿ ಯೋಚಿಸಬೇಕು. ಬ್ರೌಸರ್ ಕೆಟ್ಟಿತೆಂದು ಇಡೀ ಗಣಕವನ್ನು ಫಾರ್ಮ್ಯಾಟ್ ಮಾಡುವ ಅಗತ್ಯ ಬಹಳ ವಿರಳ.

ಕ್ರೋಮ್, ಫೈರ್‌ಫಾಕ್ಸ್, ಎಡ್ಜ್

ಕ್ರೋಮ್: ಇನ್ನೊಂದು ಬ್ರೌಸರ್‌ನಿಂದ ಅಥವಾ ಇನ್ನೊಂದು ಗಣಕದಿಂದ ಕ್ರೋಮ್‌ನ 'ಆಫ್‌ಲೈನ್' ಸ್ಥಾಪಕ ಕಡತವನ್ನು ಗೂಗಲ್‌ನ ಅಧಿಕೃತ ತಾಣದಿಂದ ಇಳಿಸಿಕೊಳ್ಳಿರಿ. ಸಾಮಾನ್ಯ ಸ್ಥಾಪಕ ಬಹು ಚಿಕ್ಕದು. ಉಳಿದುದನ್ನು ಸ್ಥಾಪಿಸುವ ವೇಳೆ ಅಂತರಜಾಲದಿಂದಲೇ ತರುತ್ತದೆ. ಸಂಪರ್ಕ ಕುಂಟುವ ಕಡೆ ಅದೇ ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಆಫ್‌ಲೈನ್ ಸ್ಥಾಪಕದಲ್ಲಿ ಎಲ್ಲವೂ ಒಳಗೇ ಇರುತ್ತದೆ. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಇದನ್ನು ಸ್ಥಾಪಿಸಿದರೆ ಸಾಮಾನ್ಯವಾಗಿ ಕೆಟ್ಟ ಕಡತಗಳು ಬದಲಾಗಿ ಪ್ರೊಫೈಲ್ ಹಾಗೆಯೇ ಉಳಿಯುತ್ತದೆ. ಅನ್‌ಇನ್‌ಸ್ಟಾಲ್ ಮಾಡಲೇಬೇಕಾದರೆ, ಬ್ರೌಸಿಂಗ್ ಮಾಹಿತಿಯನ್ನೂ ಅಳಿಸಬೇಕೇ ಎಂದು ಕೇಳುವ ಚೌಕಕ್ಕೆ ಗುರುತು ಹಾಕಬೇಡಿರಿ.

ಮರುಸ್ಥಾಪನೆಯ ನಂತರವೂ ತೆರೆಯದಿದ್ದರೆ ಪ್ರೊಫೈಲ್ ಕೆಟ್ಟಿರಬಹುದು. ಬ್ರೌಸರ್ ಮುಚ್ಚಿ, ಯೂಸರ್ ಡೇಟಾ ಒಳಗಿರುವ 'ಡಿಫಾಲ್ಟ್' ಕಡತಕೋಶದ ಹೆಸರನ್ನು ಬದಲಿಸಿರಿ, ಅಳಿಸಬೇಡಿರಿ. ಕ್ರೋಮ್ ಹೊಸ ಡಿಫಾಲ್ಟ್ ಸೃಷ್ಟಿಸಿಕೊಂಡು ತೆರೆದರೆ ದೋಷದ ಮೂಲ ಖಚಿತವಾಯಿತು.

ಫೈರ್‌ಫಾಕ್ಸ್: ವಿಫಲ ನವೀಕರಣದ ನಂತರ ಎಕ್ಸ್‌ಪಿಕಾಮ್ ಲೋಡ್ ಆಗಲಿಲ್ಲ ಎಂಬ ಸಂದೇಶ ಬಂದರೆ ತಂತ್ರಾಂಶದ ಕಡತಗಳು ಬೆರಕೆಯಾಗಿವೆ ಎಂದರ್ಥ. ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಫೈರ್‌ಫಾಕ್ಸ್ ಕಡತಕೋಶವನ್ನು ತೆಗೆದು ಹೊಸದಾಗಿ ಸ್ಥಾಪಿಸಬೇಕು. 'ರಿಫ್ರೆಶ್' ಸೌಲಭ್ಯ ಬಳಸಿದರೆ ಆಡ್‌ಆನ್‌ಗಳು ಹೋಗಿ ಪುಟಗುರುತು, ಗುಪ್ತಪದ ಉಳಿಯುತ್ತವೆ. ಹಳೆಯ ಪ್ರೊಫೈಲ್‌ನ ನಕಲು ಡೆಸ್ಕ್‌ಟಾಪ್ ಮೇಲೆ ಬಂದು ಕುಳಿತಿರುತ್ತದೆ. ಹೊಸದು ಬೇಡವೆಂದು ಹಳೆಯ ಆವೃತ್ತಿಗೆ ಮರಳುವವರಿಗೆ ಒಂದು ಎಚ್ಚರಿಕೆ: 2019ರ ಆವೃತ್ತಿ 67ರಿಂದ ಈಚೆಗೆ, ಹೊಸ ಆವೃತ್ತಿ ಬಳಸಿದ ಪ್ರೊಫೈಲ್ ಅನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಫೈರ್‌ಫಾಕ್ಸ್ ಬಿಡುವುದಿಲ್ಲ.

ಎಡ್ಜ್: ಸೆಟ್ಟಿಂಗ್ಸ್‌ನ ಆಪ್ಸ್ ವಿಭಾಗದಲ್ಲಿ ಮೈಕ್ರೋಸಾಫ್ಟ್ ಎಡ್ಜ್ ಆಯ್ದು 'ಮಾಡಿಫೈ', ನಂತರ 'ರಿಪೇರ್' ಒತ್ತಿದರೆ ಬ್ರೌಸರ್ ತಾನೇ ಮರುಸ್ಥಾಪಿತವಾಗುತ್ತದೆ. ಬಳಕೆದಾರರ ಮಾಹಿತಿಗೆ ಧಕ್ಕೆಯಾಗುವುದಿಲ್ಲ. ಇದಕ್ಕೆ ಅಂತರಜಾಲ ಸಂಪರ್ಕ ಇರಬೇಕು.

ಹಳೆಯ ವಿಂಡೋಸ್ ಇದ್ದರೆ

ವಿಂಡೋಸ್ 7 ಮತ್ತು 8.1 ಇರುವ ಗಣಕಗಳಿಗೆ ಕ್ರೋಮ್ 109 ಕೊನೆಯ ಆವೃತ್ತಿ. 2023ರ ಫೆಬ್ರವರಿಯಲ್ಲಿ ಬಂದ 110ನೇ ಆವೃತ್ತಿಗೆ ವಿಂಡೋಸ್ 10 ಇಲ್ಲವೇ ಅದಕ್ಕಿಂತ ಹೊಸದು ಬೇಕು. ಈ ಗಣಕಗಳಿಗೆ ಫೈರ್‌ಫಾಕ್ಸ್‌ನ 115ನೇ ಆವೃತ್ತಿಯೇ ಕೊನೆಯದು. ಹೊಸ ಸ್ಥಾಪಕವನ್ನು ಎಷ್ಟು ಬಾರಿ ಇಳಿಸಿದರೂ ಇವುಗಳಲ್ಲಿ ಕೂರದು. ಇದು ದೋಷವಲ್ಲ, ಹೊಂದಾಣಿಕೆಯ ಮಿತಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿದಿದೆ. ಆದರೂ ಅದರಲ್ಲಿ ಎಡ್ಜ್ ಬ್ರೌಸರ್‌ಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ನವೀಕರಣ ನೀಡುವುದಾಗಿ ಮೈಕ್ರೋಸಾಫ್ಟ್ ತಿಳಿಸಿದೆ.

ಬ್ರೌಸರ್ ಸರಿಯಿದ್ದೂ ಕೆಲಸ ಆಗದಿದ್ದರೆ

ಕೆಲವೊಮ್ಮೆ ನವೀಕರಣ ಯಶಸ್ವಿಯಾದುದೇ ತೊಂದರೆಗೆ ಕಾರಣ. ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ ಜಾವಾ ಆಪ್ಲೆಟ್‌ಗಳಿಗೆ ಬೇಕಾದ ಹಳೆಯ ಪ್ಲಗ್‌ಇನ್ ವ್ಯವಸ್ಥೆಯನ್ನು ಪೂರ್ತಿ ಕೈಬಿಟ್ಟಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಬೆಂಬಲ ಮುಗಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11 2022ರ ಜೂನ್ 15ರಂದು ನಿವೃತ್ತಿಯಾಯಿತು. ಅದನ್ನೇ ನೆಚ್ಚಿಕೊಂಡ ಹಳೆಯ ತಾಣಗಳಿಗಾಗಿ ಎಡ್ಜ್‌ನಲ್ಲಿ 'ಐಇ ಮೋಡ್' ಇದೆ.

ಆಧಾರ್ ಬೆರಳಚ್ಚು ಯಂತ್ರ ಬಳಸುವ ಸೇವಾ ಕೇಂದ್ರಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬೆರಳಚ್ಚು ಯಂತ್ರದ ಆರ್‌ಡಿ ಸರ್ವಿಸ್ ತಂತ್ರಾಂಶವು ಅದೇ ಗಣಕದೊಳಗಿನ ವಿಳಾಸವೊಂದರ ಮೂಲಕ ಬ್ರೌಸರ್‌ನೊಡನೆ ಮಾತನಾಡುತ್ತದೆ. 2025ರ ಅಕ್ಟೋಬರ್‌ನಲ್ಲಿ ಬಂದ ಕ್ರೋಮ್ 142ರಿಂದ, ಹೊರಗಿನ ಜಾಲತಾಣ ಗಣಕದೊಳಗಿನ ವಿಳಾಸವನ್ನು ಸಂಪರ್ಕಿಸುವ ಮುನ್ನ ಬಳಕೆದಾರರ ಅನುಮತಿ ಕೇಳುವ ಕ್ರಮ ಜಾರಿಗೆ ಬಂದಿತು. ಅವಸರದಲ್ಲಿ ಅದನ್ನು ನಿರಾಕರಿಸಿದರೆ ಯಂತ್ರ ಸರಿಯಿದ್ದರೂ ಬೆರಳಚ್ಚು ದಾಖಲಾಗುವುದಿಲ್ಲ. ವಿಳಾಸಪಟ್ಟಿಯ ಎಡತುದಿಯ ಚಿಹ್ನೆ ಒತ್ತಿ ಆ ತಾಣಕ್ಕೆ ಅನುಮತಿ ನೀಡಬೇಕು. ವಿಶ್ವಾಸಾರ್ಹ ತಾಣಗಳಿಗೆ ಮಾತ್ರ ಈ ಅನುಮತಿ ಸಲ್ಲುತ್ತದೆ.

ಮರುಸ್ಥಾಪನೆಯ ನಂತರ ಹಳೆಯ ಕನ್ನಡ ತಾಣಗಳ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಗಾಬರಿ ಬೇಡ. ಯೂನಿಕೋಡ್ ಬರುವ ಮುನ್ನ ಕನ್ನಡ ತಾಣಗಳು ತಮ್ಮದೇ ಅಕ್ಷರವಿನ್ಯಾಸಗಳನ್ನು ಬಳಸುತ್ತಿದ್ದವು. ಆ ಫಾಂಟ್ ಗಣಕದಲ್ಲಿ ಇಲ್ಲದಿದ್ದರೆ ಪುಟ ಹಾಗೆ ಕಾಣುತ್ತದೆ. ಯೂನಿಕೋಡ್ ಕನ್ನಡಕ್ಕೆ ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಫಾಂಟ್ ಸಾಕು.

ಮೊಬೈಲ್ ಬಳಕೆದಾರರಿಗೆ

ಮೊಬೈಲ್‌ನಲ್ಲಿಯೂ ಈ ತೊಂದರೆ ಹೊಸದಲ್ಲ. 2021ರ ಮಾರ್ಚ್‌ನಲ್ಲಿ 'ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ' ಎಂಬ ಘಟಕದ ದೋಷದಿಂದ ಜಗತ್ತಿನಾದ್ಯಂತ ಜಿಮೇಲ್ ಸೇರಿದಂತೆ ಹಲವು ಆಪ್‌ಗಳು ತೆರೆದೊಡನೆ ಮುಚ್ಚಿಕೊಳ್ಳುತ್ತಿದ್ದವು. ಗೂಗಲ್ ವೆಬ್‌ವ್ಯೂ ಹಾಗೂ ಕ್ರೋಮ್‌ನ ಹೊಸ ಆವೃತ್ತಿ ನೀಡಿದ ಬಳಿಕ ಸರಿಹೋಯಿತು. ಅಂತಹ ಸ್ಥಿತಿಯಲ್ಲಿ ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯಲ್ಲಿ ಕ್ರೋಮ್ ಇಲ್ಲವೇ ವೆಬ್‌ವ್ಯೂ ಆಯ್ದು, ಮೂರು ಚುಕ್ಕೆಗಳನ್ನು ಒತ್ತಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ನೀಡಿ, ಫೋನ್ ಮರುಚಾಲನೆ ಮಾಡಿ, ಪ್ಲೇ ಸ್ಟೋರ್‌ನಿಂದ ಮತ್ತೆ ನವೀಕರಿಸಬಹುದು. ಆಂಡ್ರಾಯ್ಡ್ 8 ಮತ್ತು 9ರ ಫೋನ್‌ಗಳಿಗೆ 2025ರ ಕ್ರೋಮ್ 138 ಕೊನೆಯ ಆವೃತ್ತಿ.

ನಕಲಿ ನವೀಕರಣದ ಬಲೆ

ಬ್ರೌಸರ್ ಕೆಟ್ಟ ವೇಳೆಯೇ ವಂಚಕರಿಗೆ ಸುಗ್ಗಿ. 'ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ ನವೀಕರಿಸಿ' ಎಂದು ಯಾವುದೋ ಜಾಲಪುಟದ ನಡುವೆ ಬರುವ ಸಂದೇಶಗಳು ಹಾನಿಕರ ತಂತ್ರಾಂಶವನ್ನು ಇಳಿಸುತ್ತವೆ. ನಿಜವಾದ ನವೀಕರಣದ ಸೂಚನೆ ಜಾಲಪುಟದೊಳಗೆ ಬರುವುದಿಲ್ಲ. ಬ್ರೌಸರ್‌ನ ಪಟ್ಟಿಯಲ್ಲಿ 'ಅಬೌಟ್' ಎಂಬಲ್ಲಿ ಬರುತ್ತದೆ. ಫೋನ್ ಮಾಡಿ, ದೂರದಿಂದಲೇ ಸರಿಪಡಿಸುವುದಾಗಿ ಹೇಳಿ ಗಣಕದ ನಿಯಂತ್ರಣ ಕೇಳುವ ಅಪರಿಚಿತರನ್ನು ನಂಬಲೇಬಾರದು. ನೂರಾರು ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳಿರುವ ಸೇವಾ ಕೇಂದ್ರದ ಗಣಕದಲ್ಲಿ ಇಂತಹ ಒಂದು ತಪ್ಪಿನ ಬೆಲೆಯನ್ನು ಇಡೀ ಊರು ತೆರಬೇಕಾಗುತ್ತದೆ.

ಮುನ್ನೆಚ್ಚರಿಕೆ

ಸೈಬರ್ ಕೇಂದ್ರ, ಗ್ರಾಮ ಒನ್ ಹಾಗೂ ಸಾಮಾನ್ಯ ಸೇವಾ ಕೇಂದ್ರಗಳನ್ನು ನಡೆಸುವವರು ಕೆಲವು ಅಭ್ಯಾಸಗಳನ್ನು ರೂಢಿಸಿಕೊಂಡರೆ ಕೊನೆಯ ದಿನದ ಪರದಾಟ ತಪ್ಪುತ್ತದೆ. ಪ್ರತಿ ಗಣಕದಲ್ಲಿ ಕನಿಷ್ಠ ಎರಡು ಬ್ರೌಸರ್ ಇರಲಿ. ಒಂದು ಕೆಟ್ಟರೆ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ಆಫ್‌ಲೈನ್ ಸ್ಥಾಪಕ ಕಡತಗಳು ಒಂದು ಪೆನ್‌ಡ್ರೈವ್‌ನಲ್ಲಿರಲಿ, ತಿಂಗಳಿಗೊಮ್ಮೆ ಅವುಗಳನ್ನು ಬದಲಿಸಿರಿ. ಯುಪಿಎಸ್ ಬ್ಯಾಟರಿ ಐದು ನಿಮಿಷವಾದರೂ ತಡೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಿರಿ. ಅಂಗಡಿ ಮುಚ್ಚುವ ಮುನ್ನ ವಾರಕ್ಕೊಮ್ಮೆ ಬ್ರೌಸರ್ ಮುಚ್ಚಿ ತೆರೆದು ನವೀಕರಣವನ್ನು ಪೂರ್ಣಗೊಳಿಸಿರಿ. ಗಣಕವನ್ನು ಪ್ರತಿ ಬಾರಿ ಹಳೆಯ ಸ್ಥಿತಿಗೆ ಮರಳಿಸುವ ಡೀಪ್ ಫ್ರೀಜ್‌ನಂತಹ ತಂತ್ರಾಂಶ ಇದ್ದರೆ, ಅದನ್ನು ಸಡಿಲಿಸಿದ ನಂತರವೇ ನವೀಕರಿಸಬೇಕು. ಇಲ್ಲದಿದ್ದರೆ ಇಳಿದ ನವೀಕರಣ ಮರುದಿನ ಮಾಯವಾಗುತ್ತದೆ. ಗ್ರಾಹಕರ ಕೆಲಸಕ್ಕೆ 'ಗೆಸ್ಟ್' ಕಿಟಕಿ ಬಳಸಿದರೆ ಅವರ ಗುಪ್ತಪದ ಗಣಕದಲ್ಲಿ ಉಳಿಯುವುದಿಲ್ಲ.

ಅರ್ಜಿ ಹಾಕುವ ಸಾರ್ವಜನಿಕರೂ ಕೊನೆಯ ದಿನದವರೆಗೆ ಕಾಯದಿರುವುದು ಲೇಸು. ಅರ್ಜಿ ಸಲ್ಲಿಸುವ ನಡುವೆ ಬ್ರೌಸರ್ ಮುಚ್ಚಿಹೋದರೆ ಮತ್ತೊಮ್ಮೆ ಹಣ ಪಾವತಿಸುವ ಮುನ್ನ ಮೊಬೈಲ್‌ಗೆ ಬಂದ ಸಂದೇಶ ಹಾಗೂ ಅರ್ಜಿಯ ಸಂಖ್ಯೆಯನ್ನು ಪರಿಶೀಲಿಸಬೇಕು. ಪರದೆಯ ಮೇಲಿನ ದೋಷಸಂದೇಶವನ್ನು ದಿನಾಂಕ, ವೇಳೆ ಸಹಿತ ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಸಂಬಂಧಪಟ್ಟ ಕಚೇರಿಗೆ ಮನವಿ ಸಲ್ಲಿಸುವಾಗ ಅದು ಆಧಾರವಾಗಿ ಒದಗುತ್ತದೆ.